ಮೀನಿನ ಕಣ್ಣಿಗೆ ಬೀಳದ ಬಣ್ಣ

ಎದ್ದು ಕಾಣುವುದು ಸುಲಭ, ಕಾಣದ ಹಾಗೆ ಇರುವುದೇ ಕಷ್ಟ. ಶಾಲೆ ತಪ್ಪಿಸಿಕೊಳ್ಳುವ ಹುಡುಗರಿಗೆ ಈ ಮಾತು ಹುಟ್ಟಿನಿಂದಲೇ ಗೊತ್ತಿರುತ್ತದೆ. ನನಗೆ ಗೊತ್ತಾಗಬೇಕಾದರೆ ಮದುವೆಯಾಗಬೇಕಾಯಿತು. ಬೆಳಗಾವಿಯ ಶಹಾಪುರದಲ್ಲಿ ನಮ್ಮದು ಬಣ್ಣ ಹಾಕುವ ಮನೆ. ನೇಕಾರರು ತಂದುಕೊಟ್ಟ ನೂಲಿಗೂ ರೇಷ್ಮೆಗೂ ಬಣ್ಣ ಕಟ್ಟಿ ಕೊಡುವುದು ಅಜ್ಜನ ಕಾಲದಿಂದ ಬಂದ ಕಸುಬು. ಓಣಿಯ ಆ ತುದಿಯಲ್ಲಿ ಸೀರೆ ಉಟ್ಟವಳು ಹಾದುಹೋದರೆ ಈ ತುದಿಯ ಕಟ್ಟೆಯ ಮೇಲೆ ಕುಳಿತವರು ಕತ್ತೆತ್ತಿ ನೋಡಬೇಕು, ಆಗಲೇ ಅಪ್ಪನಿಗೆ ಸಮಾಧಾನ. ಮಹಾಯುದ್ಧ ಮುಗಿದು ಜರ್ಮನಿಯ ಬಣ್ಣದ ಡಬ್ಬಿಗಳು ಮತ್ತೆ ಪೇಟೆಗೆ ಬಂದ ಮೇಲಂತೂ ನಮ್ಮನ್ನು ಹಿಡಿಯುವವರೇ ಇರಲಿಲ್ಲ. ಅಂಥ ಮನೆಯ ಮಗನಿಗೆ ಖಾನಾಪುರದ ಹೆಣ್ಣು ತಂದರು. ಅವಳ ಬೆನ್ನಿಗೇ ಮಲಪ್ರಭೆಯ ಮೀನೂ ನನ್ನ ಬಾಳಿನೊಳಗೆ ಬಂತು.

ನಮ್ಮ ಮಾವನವರಿಗೆ ಹೊಲವಿತ್ತು, ದನಕರುಗಳಿದ್ದವು, ಆದರೆ ಜೀವ ಮಾತ್ರ ಗಾಳದ ತುದಿಯಲ್ಲಿತ್ತು. ಮಳೆಗಾಲ ಮುಗಿದು ಹೊಳೆ ಇಳಿಯಿತೆಂದರೆ ಇಬ್ಬರು ಅಳಿಯಂದಿರಿಗೂ ಕರೆ ಬರುತ್ತಿತ್ತು. ಆ ಮನೆಯಲ್ಲೊಂದು ಪದ್ಧತಿ. ಮೀನು ಹಿಡಿದವನ ತಾಟಿಗೆ ಮೀನಿನ ತಲೆ, ಬರಿಗೈಯಲ್ಲಿ ಬಂದವನ ತಾಟಿಗೆ ಬಾಲ. ಲೋಂಡಾದಲ್ಲಿ ರೈಲ್ವೆ ನೌಕರಿಯಲ್ಲಿದ್ದ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ವರ್ಷಾ ವರ್ಷಾ ತಲೆ ತಿನ್ನುತ್ತಿದ್ದ. ನಾನು ಬಾಲ ತಿನ್ನುತ್ತಿದ್ದೆ. ಅವನು ತಲೆ ಚೀಪುವ ಸದ್ದಿಗೆ ಲೋಂಡಾದ ಇಂಜಿನ್ನೇ ನಮ್ಮ ಪಂಕ್ತಿಗೆ ಬಂದು ಕುಳಿತಿದೆಯೇನೋ ಅನ್ನಿಸುತ್ತಿತ್ತು. ಬಾಲದಲ್ಲೂ ರುಚಿಯಿದೆ ಎಂದು ನಾನು ನಗುತ್ತಿದ್ದೆನಾದರೂ ಒಳಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಕ್ಕ ಮೆರೆಯುತ್ತ ಬಡಿಸುವಾಗ ನನ್ನಾಕೆ ಅವಳ ಬೆನ್ನ ಹಿಂದಿನಿಂದ ಬಾಲದ ತುಂಡು ತಂದು ಹಾಕುತ್ತಿದ್ದಳಲ್ಲ, ಅದು ನೋಡಲಾಗುತ್ತಿರಲಿಲ್ಲ.

ಹಾಗಾಗಿ ಒಂದು ವರ್ಷ ಗಾಳದ ದಾರವನ್ನು ನಾನೇ ಮಾಡಿದೆ. ಒಳ್ಳೆಯ ರೇಷ್ಮೆ ಎಳೆಗಳನ್ನು ಕೂಡಿಸಿ ಹುರಿ ಹೊಸೆದೆ. ಅಲ್ಲಿಗೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಹುಟ್ಟುಗುಣ ಬಿಡಬೇಕಲ್ಲ! ಗಂಜಿ ಹಾಕಿದೆ, ಒಣಗಿಸಿದೆ, ಬಟ್ಟೆಯಿಂದ ತಿಕ್ಕಿ ತಿಕ್ಕಿ ಹೊಳಪು ತಂದೆ. ಅದೇ ಹುರುಪಿನಲ್ಲಿ ಗಾಳವನ್ನೂ ಬೂದಿ ಹಚ್ಚಿ ಬೆಳಗಿದೆ. ಹೊಳೆಯ ದಂಡೆಯಲ್ಲಿ ಬಿಚ್ಚಿದಾಗ ದಾರ ಬಿಸಿಲಿಗೆ ಜರಿಯಂತೆ ಮಿಂಚಿತು. ಮಾವನವರು ಅದನ್ನು ಬೆರಳಲ್ಲಿ ಎತ್ತಿ ನೋಡಿದರು.

“ಅಳಿಯಾರ, ಮೀನ ಹಿಡ್ಯಾಕ ಬಂದೀರೋ, ಮೀನಿಗೆ ಸೀರಿ ಉಡಸಾಕ ಬಂದೀರೋ?”

ಷಡ್ಡಕ ದಂಡೆಯ ಮೇಲೆ ಉರುಳಾಡಿ ನಕ್ಕ. ಆಮೇಲೆ ಮಾವನವರು ಸಮಾಧಾನವಾಗಿ ತಿಳಿಸಿ ಹೇಳಿದರು. ಈ ಮಡುವಿನ ಮೀನು ಬಲು ಹುಷಾರಿಯಂತೆ. ನೀರಿನೊಳಗೆ ನೀರಲ್ಲದ್ದು ಏನು ಕಂಡರೂ ಅತ್ತ ಸುಳಿಯುವುದಿಲ್ಲವಂತೆ. ದಾರ ಹೊಳೆಯ ನೀರಿನ ಬಣ್ಣಕ್ಕೇ ಇರಬೇಕು, ಗಾಳ ಮಂಕಾಗಿರಬೇಕು. ಆ ಸಲವೂ ನನಗೆ ಬಾಲವೇ ಬಂತು.

ನೀರಿನ ಬಣ್ಣ ತಾನೇ, ಬಣ್ಣಗಾರನಿಗೆ ಅದೇನು ದೊಡ್ಡ ಮಾತು? ಗಿರಾಕಿಗಳು ಹಳೆಯ ಸೀರೆಯ ಚೂರು ತಂದು ಇದೇ ಬಣ್ಣ ಬೇಕು ಅನ್ನುತ್ತಾರೆ, ನಾವು ಕಟ್ಟಿಕೊಡುತ್ತೇವೆ. ನಾನೂ ಔಷಧದ ಖಾಲಿ ಸೀಸೆಯೊಂದರಲ್ಲಿ ಮಡುವಿನ ನೀರು ತುಂಬಿಕೊಂಡು, ಅದೇ ನಮೂನೆ ಎಂದು ರೈಲು ಹತ್ತಿದೆ. ಸೀಸೆಯನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದದ್ದನ್ನು ಕಂಡು ಎದುರಿನ ಮುದುಕಿ, ಕಾಶಿಯಿಂದ ಬಂದವನಿರಬೇಕೆಂದು ಅಂಗೈ ಒಡ್ಡಿದಳು. ವಿವರಿಸಲು ಹೊರಟರೆ ಬೆಳಗಾವಿ ಬಂದೀತೆಂದು ನಾಲ್ಕು ಹನಿ ಹಾಕಿದೆ. ಭಕ್ತಿಯಿಂದ ಕುಡಿದು ಉಳಿದದ್ದನ್ನು ತಲೆಗೆ ಒರೆಸಿಕೊಂಡಳು. ಮಲಪ್ರಭೆಯೂ ಹೊಳೆಯೇ ತಾನೆ, ಪುಣ್ಯ ಕಡಿಮೆ ಬಿದ್ದಿರಲಾರದು. ಮನೆಗೆ ಬಂದು ಅಪ್ಪನ ಮುಂದಿಟ್ಟು ನೋಡಿದರೆ, ಮಣ್ಣೆಲ್ಲ ತಳ ಹಿಡಿದು ಸೀಸೆಯ ತುಂಬ ತಿಳಿನೀರು! ಅಪ್ಪ ಬೆಳಕಿಗೆ ಹಿಡಿದು, ಹೊರಳಿಸಿ ನೋಡಿ, “ಇದರಾಗ ಬಣ್ಣ ಎಲ್ಲೈತಿ?” ಎಂದು ಕೇಳಿ, ಅದನ್ನು ತುಳಸಿ ಗಿಡಕ್ಕೆ ಸುರಿದುಬಿಟ್ಟರು.

ಆದರೂ ನಾನು ಬಿಡಲಿಲ್ಲ. ಅಳಲೆಕಾಯಿಯನ್ನು ತುಕ್ಕು ಕಬ್ಬಿಣದ ನೀರಿಗೆ ಹಾಕಿ ಕುದಿಸಿದೆ. ದಾರ ಕಪ್ಪಾಗಿ, ಮೀನೇನು, ನಾನೇ ಹಾವೆಂದು ಹೆದರುವಂತಾಯಿತು. ಕಾಚು ಹಾಕಿದೆ, ಎಲೆಯಡಿಕೆ ಉಗುಳಿದ ಬಣ್ಣ ಬಂತು. ಅಡಿಗೆಮನೆಯ ಪಾತ್ರೆಗಳು ಒಂದೊಂದಾಗಿ ಬಣ್ಣದ ಒಲೆಯ ಪಾಲಾದವು. ಹಾಲಿನ ಪಾತ್ರೆಯೂ ಹೋದ ದಿನ ನನ್ನಾಕೆ ಎದುರು ಬಂದು ನಿಂತಳು. ಬೈಗುಳಕ್ಕೆ ನಾನು ತಯಾರಾಗಿ ಕುಳಿತಿದ್ದೆ.

“ನಮ್ಮೂರ ಹೊಳಿ ನೀವು ಕಣ್ಣಬಿಟ್ಟ ನೋಡೇ ಇಲ್ಲೇನ್ರೀ? ಅದು ಹುರಳಿ ಕಟ್ಟಿನ ಬಣ್ಣ ಅದ.”

ಅಷ್ಟು ಹೇಳಿ ಒಳಗೆ ಹೋದವಳು ಹುರಳಿ ಬೇಯಿಸಿ, ಬಸಿದು, ಆ ಕಟ್ಟನ್ನು ಬಟ್ಟಲಲ್ಲಿ ತಂದು ಮುಂದಿಟ್ಟಳು. ನೋಡುತ್ತೇನೆ, ಖರೇ, ಮಳೆ ಇಳಿದ ಮಲಪ್ರಭೆಯೇ ಬಟ್ಟಲಲ್ಲಿ ನಿಂತಿತ್ತು. ಅಳಲೆಯ ಜೊತೆ ದಾಳಿಂಬೆ ಸಿಪ್ಪೆ ಸೇರಿಸಿ, ತುಕ್ಕಿನ ನೀರು ಹನಿ ಹನಿಯಾಗಿ ಬಿಟ್ಟು, ಬಟ್ಟಲಿನ ಪಕ್ಕ ಹಿಡಿದು ಹಿಡಿದು ನೋಡಿ ಆ ಬಣ್ಣ ತಂದೆ. ನಮೂನೆಯನ್ನು ಒಗ್ಗರಣೆ ಹಾಕಿಸಿ ಅನ್ನಕ್ಕೆ ಕಲಸಿ ಇಬ್ಬರೂ ಉಂಡೆವು, ಜರ್ಮನಿಯ ಡಬ್ಬಿಯಲ್ಲಿ ಈ ಸುಖವೆಲ್ಲಿ! ಗಾಳವನ್ನು ಚಿಮಣಿ ದೀಪದ ಹೊಗೆಗೆ ಹಿಡಿದು ಮಸಿ ಹತ್ತಿಸಿದೆ. ದಾರಕ್ಕೆ ಗಂಜಿ ಮುಟ್ಟಿಸಲಿಲ್ಲ. ತಿಕ್ಕಿ ಹೊಳಪು ತರಲು ಕೈ ತುರಿಸುತ್ತಿತ್ತು, ಸುಮ್ಮನಿರಿಸಿದೆ. ಹಗ್ಗದ ಮೇಲೆ ಒಣಗಲು ಹಾಕಿದ್ದನ್ನು ಅಪ್ಪ ನೋಡಿ, ಈ ಕೊಳಕನ್ನು ಮೊದಲು ಒಳಗೆ ತೆಗೆ, ಗಿರಾಕಿಗಳು ಕಂಡರೆ ಮನೆಯ ಹೆಸರು ಹೋದೀತು ಎಂದರು. ಕಸುಬಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಶಾಭಾಸಗಿರಿ ಅದು.

ಮುಂದಿನ ಕರೆ ಬಂದಾಗ ಹೆಂಡತಿಯನ್ನೂ ದಾರವನ್ನೂ ಕರೆದುಕೊಂಡು ಖಾನಾಪುರಕ್ಕೆ ಹೋದೆ. ಬಣ್ಣದ ವಾಸನೆ ಹೋಗಲೆಂದು ಕೈಗೆಲ್ಲ ಹೊಳೆಯ ಕೆಸರು ಬಳಿದುಕೊಂಡೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ನನಗೆ ಮೊಸರು ಬೇಡವಾಗಿತ್ತು. ದಾರ ನೀರಿಗೆ ಬಿದ್ದದ್ದು ಕಂಡಿತು, ಆಮೇಲೆ ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಕೋಲು ಬಾಗಿತು. ಎಳೆದಾಡಿ, ಜಾರಿ, ಸೊಂಟದವರೆಗೆ ನೀರಿಗಿಳಿದು ಕೊನೆಗೂ ದಂಡೆಗೆ ತಂದೆ. ತೋಳುದ್ದದ ಮೀನು! ಮಾವನವರು ನನ್ನ ಬೆನ್ನ ಮೇಲೆ ಕೈಯಿಟ್ಟು, ಬಣ್ಣದ ಮನೆಯವರೂ ಮನುಷ್ಯರೇ ಎಂದು ಒಪ್ಪಿಕೊಂಡರು. ಷಡ್ಡಕನಿಗೆ ಅಂದು ಏನೂ ಸಿಗಲಿಲ್ಲ. ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ, ಮದುವೆಯ ದಿನವೂ ಅಷ್ಟಾಗಿರಲಿಲ್ಲ.

ಊಟಕ್ಕೆ ಕುಳಿತೆವು. ನನ್ನಾಕೆ ಅಕ್ಕನ ಮುಂದಿನಿಂದಲೇ ನಿಧಾನವಾಗಿ ನಡೆದು ಬಂದು ಆ ತಲೆಯನ್ನು ನನ್ನ ತಾಟಿಗೆ ಬಡಿಸಿ, ಸೌಟು ಹಿಡಿದು ಅಲ್ಲೇ ನಿಂತಳು. ನಾನು ತಾಟನ್ನು ನೋಡಿದೆ. ತಾಟೂ ನನ್ನನ್ನು ನೋಡಿತು. ಇಷ್ಟು ವರ್ಷ ತಲೆ ತಾಟಿಗೆ ಬೀಳಬೇಕೆಂದು ಆಸೆಪಟ್ಟೆನೇ ಹೊರತು, ಬಿದ್ದ ಮೇಲೆ ಅದನ್ನು ತಿನ್ನಬೇಕಾಗುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಯಾವ ಕಣ್ಣಿಗೆ ಬೀಳಬಾರದೆಂದು ಮನೆಯ ಪಾತ್ರೆಗಳನ್ನೆಲ್ಲ ಕೆಡಿಸಿದ್ದೆನೋ, ಅದೇ ಕಣ್ಣು ಸಾರಿನೊಳಗಿಂದ ನನ್ನನ್ನೇ ದಿಟ್ಟಿಸುತ್ತಿತ್ತು. ಮೆಲ್ಲಗೆ ತಲೆಯನ್ನು ಹೊರಳಿಸಿದೆ. ಆ ಕಡೆಗೂ ಒಂದು ಕಣ್ಣಿತ್ತು. ನಾಚಿಕೊಳ್ಳಬೇಡಿ, ಊಟ ಮಾಡಿ ಎಂದು ಮಾವನವರು ಉಪಚಾರ ಮಾಡಿದರು. ಹೆಂಡತಿಯ ಮುಖದಲ್ಲಿ ಹಬ್ಬ. ಬೇಡ ಅನ್ನುವ ಹಾಗಿಲ್ಲ, ಕೈ ಮುಂದೆ ಹೋಗುತ್ತಿಲ್ಲ. ಬದಿಗೆ ನೋಡಿದರೆ ಷಡ್ಡಕ ಎಂದೂ ಕಾಣದ ನೆಮ್ಮದಿಯಿಂದ, ಸದ್ದಿಲ್ಲದೆ, ಬಾಲ ತಿನ್ನುತ್ತಿದ್ದಾನೆ. ಅವನು ನನ್ನ ಕಿವಿಯ ಹತ್ತಿರ ಬಾಗಿದ.

“ಕಣ್ಣ ಮುಚ್ಚಿ ತಿಂದಬಿಡ್ರಿ. ಇಷ್ಟ ವರ್ಷ ನಾನೂ ಹಂಗ ತಿಂದೇನಿ.”

ನಾನು ಕಣ್ಣು ಮುಚ್ಚಿದೆ. ಮೀನು ಮುಚ್ಚಲಿಲ್ಲ.