ನಾಲ್ಕು ವರ್ಷದ ನಮ್ಮ ಅವ್ವನ ಪೌರತ್ವದ ಬಗ್ಗೆ

ಗೆ,
ಪರದೇಶದಲ್ಲಿ ಹುಟ್ಟಿದ ಮಕ್ಕಳ ಪೌರತ್ವ ವಿಭಾಗದ ಮೂರನೇ ಕಿಟಕಿಯ ಹಿಂದೆ ಸದಾ ವಿರಾಜಮಾನರಾಗಿರುವ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಬನಹಟ್ಟಿಯ ಸೀರೆ ಅಂಗಡಿಯ ಶೇವಂತಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮ, ತಮ್ಮ ಮನೆಯವರು ಕ್ಷೇಮ, ತಮ್ಮ ಕಿಟಕಿಯ ಗಾಜು ಕ್ಷೇಮ, ಆ ಗಾಜಿನಲ್ಲಿ ನಮ್ಮಂಥವರು ನಡು ಬಗ್ಗಿಸಿಯೇ ಮಾತಾಡಲೆಂದು ಅಷ್ಟು ಕೆಳಗೆ ಕೊರೆಸಿದ ತೂತೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮವಾಗಿದ್ದೇವೆ, ನನ್ನ ನಡು ಒಂದನ್ನು ಬಿಟ್ಟು. ನನ್ನ ಮುಖ ತಮಗೆ ನೆನಪಿರಲಿಕ್ಕಿಲ್ಲ, ಆದರೆ ದನಿ ನೆನಪಿದ್ದೀತು. ಹೋದ ತಿಂಗಳು ತಾವು ಗಡಬಡಿಸಿ ಕಿಟಕಿಯ ಪರದೆ ಎಳೆದುಕೊಂಡದ್ದು ಅದೇ ದನಿಗೆ.

ನನ್ನ ಸೊಸೆಯ, ಅಂದರೆ ನನ್ನ ತಮ್ಮನ ಮಗಳ, ಪೌರತ್ವದ ಅರ್ಜಿಯನ್ನು ತಾವು ಪದೇ ಪದೇ ಹಿಂದಕ್ಕೆ ಕಳುಹಿಸಿ ನಮ್ಮ ಮನೆತನದ ಬಗ್ಗೆ ತೋರಿಸುತ್ತಿರುವ ಆಸ್ಥೆಯನ್ನು ಕಂಡು ಹೃದಯ ತುಂಬಿ ಬಂದಿದೆ. ಹೆಣ್ಣು ನೋಡಲು ಬಂದ ಬೀಗರು ಕೂಡ ನಮ್ಮನ್ನು ಇಷ್ಟು ವಿಚಾರಿಸಿರಲಿಲ್ಲ. ಆದರೂ ತಮಗೆ ನಮ್ಮ ಮನೆಯ ಸಂಬಂಧಗಳು ಇನ್ನೂ ತಿಳಿದಿಲ್ಲವೆಂದು ತಾವೇ ಬರೆದು ತಿಳಿಸಿರುವುದರಿಂದ, ಊರವರೆಲ್ಲ ಓದಲೆಂದು ಈ ಬಹಿರಂಗ ಪತ್ರದಲ್ಲಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ನನ್ನ ತಮ್ಮನ ಹೆಸರು ಮಾಂತೇಶ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ಕೆಟ್ಟು ನಿಂತರೆ ದೇವರಿಗಿಂತ ಮೊದಲು ನೆನಪಾಗುವವನು. ಅವನ ಕೈಗುಣದ ಸುದ್ದಿ ಸಮುದ್ರ ದಾಟಿ, ಕೀನ್ಯಾ ದೇಶದ ಒಂದು ಬಟ್ಟೆ ಗಿರಣಿಯವರು ಅವನನ್ನೂ ಅವನ ಹೆಂಡತಿ ವಂದನಾಳನ್ನೂ ಕರೆಸಿಕೊಂಡಿದ್ದರು. ಮಗಳು ಹುಟ್ಟಿದ್ದು ಅಲ್ಲಿ. ಹುಟ್ಟಿದ ವರ್ಷದೊಳಗೆ ಅಲ್ಲಿರುವ ನಮ್ಮ ದೂತಾವಾಸಕ್ಕೆ ಹೋಗಿ ಮಗುವಿನ ಹೆಸರು ಬರೆಸಿದ್ದರೆ ತಮ್ಮ ದರ್ಶನಭಾಗ್ಯವೇ ನಮಗೆ ಇರುತ್ತಿರಲಿಲ್ಲ. ಆದರೆ ಬರೆಸಲು ಹೆಸರು ಎಲ್ಲಿತ್ತು? ನಮ್ಮಲ್ಲಿ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಉಸುರಬೇಕು. ಉಸುರಿದ ತಕ್ಷಣ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ಗುದ್ದು ಬಿದ್ದರೇ ಹೆಸರು ಗಟ್ಟಿ. ಆ ಸೋದರತ್ತೆ ನಾನು, ನಾನಿದ್ದದ್ದು ಬನಹಟ್ಟಿಯಲ್ಲಿ. ಫೋನಿನಲ್ಲೇ ಹೆಸರಿಟ್ಟುಬಿಡಬಹುದಿತ್ತಲ್ಲ ಎಂದು ತಾವು ಕಿಟಕಿಯಿಂದ ಸಲಹೆ ಕೊಟ್ಟಿರಿ. ಫೋನಿನಲ್ಲಿ ಕುರ್‍ರ್ ಎನ್ನಬಹುದು ಸಾಹೇಬರೇ, ಗುದ್ದು ಎಲ್ಲಿಂದ ಬರಬೇಕು?

ಹೀಗಾಗಿ ಆಸ್ಪತ್ರೆಯವರು ಬರೆದುಕೊಟ್ಟ 'ಹೆಣ್ಣು ಮಗು' ಎಂಬ ಹೆಸರಿನಲ್ಲೇ, ಯಾವುದೋ ತಾತ್ಕಾಲಿಕ ಕಾಗದದ ಮೇಲೆ, ಕೂಸು ಊರಿಗೆ ಬಂತು. ಓಣಿಯ ಹೆಂಗಸರೆಲ್ಲ ಸೇರಿದರು. ನಮ್ಮ ತೀರಿಹೋದ ತಾಯಿಯ ಹೆಸರನ್ನೇ, ತಾಯವ್ವ ಎಂದು, ನಾನು ಕಿವಿಯಲ್ಲಿ ಹೇಳಿದೆ. ನನ್ನ ಅಂಗಡಿಯಲ್ಲಿ ಸೀರೆಗೆ ಚೌಕಾಸಿ ಮಾಡಿ ಸೋತವರೆಲ್ಲ ಅಂದು ಬೆನ್ನ ಮೇಲೆ ಸೇಡು ತೀರಿಸಿಕೊಂಡರು. ಹೆಸರು ಇಟ್ಟದ್ದಕ್ಕೆ ಪುರಾವೆ ಏನೆಂದು ತಾವು ಕೇಳಿದಾಗ ನಾನು ಬೆನ್ನು ತಿರುಗಿಸಿ ನಿಂತದ್ದು ಅಗೌರವದಿಂದಲ್ಲ, ಪುರಾವೆ ಅಲ್ಲೇ ಇತ್ತು.

ಈಗ ಮಡಗಾಸ್ಕರ್ ಎಂಬ ದ್ವೀಪದ ಗಿರಣಿಯೊಂದು ಮಾಂತೇಶನನ್ನು ಕರೆದಿದೆ. ದೀಪಾವಳಿಯ ಪಾಡ್ಯ ಮುಗಿದ ಕೂಡಲೇ ಹೊರಡಬೇಕು. ಮಗುವಿಗೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ಪೌರತ್ವ ಬೇಕು, ಪೌರತ್ವಕ್ಕೆ ತಮ್ಮ ಸಹಿ ಬೇಕು. ವಂದನಾ ಮೊದಲೇ ಹೇಳಿಬಿಟ್ಟಿದ್ದಾಳೆ: "ಹೋದ್ರ ಮೂರೂ ಮಂದಿ ಹೋಗೂದು. ಇಲ್ಲಾಂದ್ರ ಯಾರೂ ಬ್ಯಾಡ." ತಮ್ಮ ಸಹಿ ಆಗದಿದ್ದರೆ ತಮ್ಮನ ಕೆಲಸ ಬೇರೆಯವರ ಪಾಲು. ಸಂಗತಿ ಇಷ್ಟೇ.

ಮೊದಲ ಭೇಟಿಯ ದಿನ ತಾವು ವಂದನಾಳನ್ನು ಗಂಡನ ಹೆಸರು ಕೇಳಿದಿರಿ. ಒಳ್ಳೆಯ ಮನೆಯ ಹೆಣ್ಣುಮಗಳು ಗಂಡನ ಹೆಸರನ್ನು ಬರಿದೇ ಹೇಳುತ್ತಾಳೆಯೇ? ಪ್ರಾಸದ ಸಾಲಿನೊಳಗೆ ಹೆಸರು ಸೇರಿಸಿ, ಒಡಪು ಕಟ್ಟಿ ಹೇಳಬೇಕು. ಅವಳು ಸೆರಗು ಸರಿಮಾಡಿಕೊಂಡು, ತೂತಿಗೆ ಬಾಯಿ ಹಚ್ಚಿ, ಅಲ್ಲಿಯೇ ಕಟ್ಟಿ ಹೇಳಿದಳು:

"ಮಗ್ಗದ ಮ್ಯಾಲ ಮಿಂಚತೈತಿ ಬಂಗಾರದ ಜರಿ,
ಮಾಂತೇಶರ ಹೆಸರ ಹೇಳೇನಿ, ಲಗೂನ ಸಹಿ ಮಾಡ್ರಿ."

ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಚಿಮ್ಮಡದ ಅಜ್ಜಿಯೊಬ್ಬಳು, ಯಾರೂ ಕೇಳದಿದ್ದರೂ, ತನ್ನ ಗಂಡನ ಹೆಸರಿಗೂ ಒಂದು ಒಡಪು ಹೇಳಿ ಕುಳಿತಳು. ತಾವು ಮಾತ್ರ ನಗಲಿಲ್ಲ. 'ತಾಯಿಯು ತಂದೆಯ ಹೆಸರನ್ನು ನೇರವಾಗಿ ಹೇಳಲು ನಿರಾಕರಿಸಿದ್ದಾರೆ' ಎಂದು ಬರೆದಿರಿ. ಪ್ರಾಸ ತಪ್ಪಿದ್ದರೆ ಬರೆಯಬಹುದಿತ್ತು, ಪ್ರಾಸವೂ ಕೂಡಿತ್ತಲ್ಲ!

ಅದೇ ಹೊತ್ತಿಗೆ ಮಗು ತಮ್ಮ ಕಚೇರಿಯ ಕುಂಡದಲ್ಲಿದ್ದ ಗಿಡದ ಎಲೆ ಕೀಳತೊಡಗಿತು. ಮಾಂತೇಶ "ಯವ್ವಾ, ಬಾರವ್ವ ಇಲ್ಲಿ" ಎಂದು ಕರೆದ. ವಂದನಾ "ಅತ್ತೀ, ಬ್ಯಾಡ್ರಿ, ಸಾಹೇಬ್ರು ಬೈತಾರ" ಎಂದಳು. ತಾವು ಪೆನ್ನು ಕೆಳಗಿಟ್ಟು ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಿರಿ. ತಮ್ಮ ಆ ಮುಖ ನನ್ನ ಕಣ್ಣ ಮುಂದೆ ಇನ್ನೂ ಇದೆ. ಹೆತ್ತ ತಾಯಿಯ ಹೆಸರು ಹೊತ್ತ ಮಗಳನ್ನು ಮಗನಾದವನು ಹೆಸರು ಹಿಡಿದು ಕರೆದಾನೆಯೇ? ಅವ್ವ ಎನ್ನುತ್ತಾನೆ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ತಂದಾಳೆಯೇ? ಅತ್ತೆ ಎನ್ನುತ್ತಾಳೆ, ಬಹುವಚನದಲ್ಲೇ ಗದರುತ್ತಾಳೆ. ನಾನೂ ಅವ್ವ ಎಂದೇ ಕರೆಯುತ್ತೇನೆ. ತಾಯವ್ವ ಎಂಬ ಆ ಹೆಸರನ್ನು ಈ ಮನೆಯಲ್ಲಿ ಗಟ್ಟಿಯಾಗಿ ಯಾರೂ ಕರೆದಿಲ್ಲ. ಮಗುವಿಗೆ ತಾವು "ಹೆಸರೇನು ನಿಂದು?" ಎಂದು ಕೇಳಿದಾಗ ಅದು "ಅವ್ವ" ಎಂದದ್ದು, "ಅಪ್ಪನ ಹೆಸರು?" ಎಂದದ್ದಕ್ಕೆ ತಾಯಿಯ ಬಾಯಲ್ಲಿ ಕೇಳಿದ "ರೀ" ಎಂಬುದನ್ನೇ ಹೇಳಿದ್ದು, ಎರಡೂ ಸತ್ಯವೇ. 'ಅರ್ಜಿದಾರರಲ್ಲಿ ಪರಸ್ಪರ ಸಂಬಂಧದ ಬಗ್ಗೆ ಸ್ಪಷ್ಟತೆ ಇಲ್ಲ' ಎಂಬ ತಮ್ಮ ಟಿಪ್ಪಣಿಯನ್ನು ಓಣಿಯಲ್ಲಿ ಓದಿ ಹೇಳಿದೆ. ಹೆಂಗಸರು ಎರಡು ದಿನ ನಕ್ಕರು.

ಸಂಶಯ ಬಂದ ಮೇಲೆ ತಾವು ಸುಮ್ಮನೆ ಕೂರುವವರಲ್ಲ ಎಂಬುದು ತಮ್ಮ ದೊಡ್ಡತನ. ವಿಚಾರಣೆಗೆಂದು ಶಿವಪುತ್ರ ಎಂಬ ಸಿಬ್ಬಂದಿಯನ್ನು ನಮ್ಮ ಮನೆಗೆ ಕಳುಹಿಸಿದಿರಿ. ತುಂಬ ಸಂಭಾವಿತ ಮನುಷ್ಯ. ಚುರುಮುರಿ ಸೂಸಲವನ್ನು ಎರಡನೆಯ ಸಲ ತಾನಾಗಿ ಕೇಳಿ ಹಾಕಿಸಿಕೊಂಡ. ನಮ್ಮ ತಂದೆ ಗೂಳಪ್ಪನವರು ಕಟ್ಟೆಯ ಮೇಲೆ ಕುಳಿತಿದ್ದರು. ಮೊಮ್ಮಗಳು ತೊಡೆಯ ಮೇಲೆ ಕುಳಿತು ಅವರ ಮೀಸೆ ಎಳೆಯುತ್ತಿದ್ದಳು. "ಮನ್ಯಾಗ ಯಾರ್‍ಯಾರು ಇರ್ತೀರಿ ಅಜ್ಜಾರ?" ಎಂದು ಶಿವಪುತ್ರ ಕೇಳಿದ. "ನಾ ಅದೇನಿ, ಮಗ ಸೊಸಿ ಅದಾರ. ನಮ್ಮಾಕಿ ಹೋಗಿದ್ಲು, ಈಗ ಮತ್ತ ಬಂದಾಳ ನೋಡ್ರಿ" ಎಂದರು ಅಪ್ಪ. "ಎಲ್ಲಿಗೆ ಹೋಗಿದ್ರು?" "ಭಾಳ ದೂರ." "ಬಂದು ಎಷ್ಟು ದಿನ ಆತ್ರಿ?" "ನಾಕು ವರ್ಷ ಆತು. ಮೊದಲಕಿಂತ ಸಿಟ್ಟು ಜಾಸ್ತಿ ಆಗೇತಿ." ಶಿವಪುತ್ರ ಎಲ್ಲವನ್ನೂ ನಿಷ್ಠೆಯಿಂದ ಬರೆದುಕೊಂಡ.

ಮರುವಾರ ತಮ್ಮಿಂದ ನೋಟಿಸು ಬಂತು. ಮಗುವಿನ ಅಜ್ಜಿ ವಿದೇಶದಿಂದ ಮರಳಿ ಬಂದು ನಾಲ್ಕು ವರ್ಷವಾದರೂ ಆ ವಿಷಯವನ್ನು ಮುಚ್ಚಿಟ್ಟಿದ್ದೀರಿ, ಆಕೆ ಹೋದ ದೇಶ, ಮರಳಿದ ದಾರಿ, ವೀಸಾ ವಿವರಗಳನ್ನು ಸಲ್ಲಿಸಿ ಎಂದು. ಸಾಹೇಬರೇ, ನಮ್ಮವ್ವ ಹೋದ ದೇಶಕ್ಕೆ ಒಂದಲ್ಲ ಒಂದು ದಿನ ತಾವೂ ನಾನೂ ಹೋಗುವವರೇ. ಅಲ್ಲಿ ವೀಸಾ ಕೇಳುವುದಿಲ್ಲ, ಮೂರನೇ ಕಿಟಕಿಯೂ ಇರಲಿಕ್ಕಿಲ್ಲ. ಅಪ್ಪನಿಗೆ ನೋಟಿಸು ಓದಿ ಹೇಳಿದರೆ ಅವರು ಸ್ವಲ್ಪವೂ ಅಂಜಲಿಲ್ಲ. "ಖರೆ ಕೇಳ್ಯಾರವಾ, ಹೆಂಗ ಬಂದ್ಲು ಅಂತ ನಾನೂ ಕೇಳಬೇಕಂತ ಮಾಡೇನಿ" ಎಂದು ಮೊಮ್ಮಗಳ ಕಡೆ ನೋಡಿದರು.

ಕಡೆಯ ಭೇಟಿ ಹೋದ ಗುರುವಾರ. ಬೇರೇನೂ ಬೇಡ, ಹೆತ್ತ ತಾಯಿ ಮಗುವಿನ ಹೆಸರನ್ನು ತನ್ನ ಬಾಯಿಂದ ಒಮ್ಮೆ ಹೇಳಲಿ, ಅರ್ಜಿಯಲ್ಲಿದ್ದದ್ದಕ್ಕೆ ತಾಳೆಯಾದರೆ ಸಾಕು ಎಂದಿರಿ. ನ್ಯಾಯವಾದ ಮಾತೇ. ಆದರೆ ಗಂಡನ ಹೆಸರಿಗೆ ಒಡಪು ಉಂಟು, ಅತ್ತೆಯ ಹೆಸರಿಗೆ ಒಡಪಿಲ್ಲ. ನಮ್ಮವ್ವ ಹಾಸಿಗೆ ಹಿಡಿದಾಗ ಅವಳ ತಲೆ ಬಾಚಿ, ಗಂಜಿ ಕುಡಿಸಿ, ಕೈಕಾಲು ಒತ್ತಿದವಳು ವಂದನಾ. ಆಗಲೂ ಆ ಹೆಸರು ಬಾಯಿಗೆ ಬಂದಿರಲಿಲ್ಲ. ಕಡೆಗೆ ಅವಳು ಬಗ್ಗಿ ಮಗಳ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ತಪ್ಪು ತಿಳೀಬ್ಯಾಡ್ರಿ ಅತ್ತಿ" ಎಂದು, ಎದ್ದು ನಿಂತು, "ತಾಯವ್ವ" ಎಂದಳು. ಮಗು ಯಾರು ಬಂದರೆಂದು ಹಿಂದೆ ತಿರುಗಿ ನೋಡಿತು. ಮಾಂತೇಶ ಗೋಡೆಯ ಕಡೆ ಮುಖ ಮಾಡಿ ನಿಂತ.

ಆಗ ತಾವು ಕಂಪ್ಯೂಟರಿನ ಪರದೆ ನೋಡಿ, ತಣ್ಣಗೆ, "ಸರ್ವರ್ ಹೋಗೇತ್ರಿ. ಸೋಮವಾರ ಬಂದು ಮತ್ತೊಮ್ಮೆ ಹೇಳ್ರಿ" ಎಂದಿರಿ.

ಎಲಾ ಶಿವನೇ! ಮತ್ತೊಮ್ಮೆಯಂತೆ! ಈ ಮಾತಿಗೇ ಈ ಪತ್ರ, ಸಾಹೇಬರೇ, ಉಳಿದದ್ದೆಲ್ಲ ಪೀಠಿಕೆ. ತಮ್ಮ ಸರ್ವರ್ ಎಂಬುವವರು ಯಾರೋ ನಾನರಿಯೆ. ಅವರು ಎಲ್ಲಿಗೆ ಹೋಗುತ್ತಾರೆ, ಹೋಗುವಾಗ ತಮಗಾದರೂ ಹೇಳಿ ಹೋಗುತ್ತಾರೆಯೇ, ಅವರ ವೀಸಾ ವಿವರಗಳನ್ನು ಯಾರಾದರೂ ಕೇಳಿದ್ದಾರೆಯೇ, ದಯಮಾಡಿ ತಿಳಿಸಬೇಕು. ಜೊತೆಗೆ ನನ್ನ ಕೆಲವು ಸಣ್ಣ ಬೇಡಿಕೆಗಳಿವೆ. ಅರ್ಜಿಯಲ್ಲಿ 'ಹೆಸರು' ಎಂಬುದರ ಕೆಳಗೆ 'ಈ ಹೆಸರನ್ನು ಯಾರ್‍ಯಾರು ಬಾಯಿ ಬಿಟ್ಟು ಹೇಳಬಾರದು' ಎಂದೊಂದು ಜಾಗ ಮಾಡಿಸಬೇಕು. ನಾಡಿನ ಸಕಲ ಸೋದರತ್ತೆಯರಿಗೆ ಸರ್ಕಾರಿ ಮುದ್ರೆಯ ಅಧಿಕಾರ ಕೊಡಬೇಕು. ಬೆನ್ನುನೋವಿನ ಭತ್ಯೆಯನ್ನು ಆಮೇಲೆ ಮಾತಾಡೋಣ. ತಮ್ಮ ಕಚೇರಿಯಲ್ಲಿ ಒಂದು ತೊಟ್ಟಿಲು ಕಟ್ಟಿಸಿ, ಹೊಸದಾಗಿ ಕಿಟಕಿಗೆ ಬರುವ ಪ್ರತಿಯೊಬ್ಬ ಸಾಹೇಬರನ್ನೂ ಅದಕ್ಕೆ ಬಗ್ಗಿಸಿ ಅವರ ಕಿವಿಯಲ್ಲಿ ಕಾಯ್ದೆ ಹೇಳಿಸಬೇಕು. ಗುದ್ದಲು ಓಣಿಯ ಹೆಂಗಸರು ಬಸ್ಸು ಹತ್ತಿ ಬರಲು ಸಿದ್ಧರಿದ್ದಾರೆ, ಸಂಬಳವನ್ನೂ ಕೇಳುವುದಿಲ್ಲ.

ಇವು ಯಾವುವೂ ಆಗದಿದ್ದರೆ ಒಂದೇ ಒಂದನ್ನು ನಡೆಸಿಕೊಡಿ. ಸೋಮವಾರ ವಂದನಾಳನ್ನು ಮತ್ತೆ ಕೇಳಬೇಡಿ. ಅವಳು ಮಗಳಿಗಾಗಿ ಒಂದು ಸಲ ಹೇಳಿದ್ದಾಳೆ, ಅದನ್ನು ತಾವು ಎರಡೂ ಕಿವಿಯಿಂದ ಕೇಳಿದ್ದೀರಿ. ಕಂಪ್ಯೂಟರಿಗೆ ಕೇಳಿಸಲಿಲ್ಲವೆಂದಾದರೆ ತಾವೇ ಅದಕ್ಕೆ ಹೇಳಿ; ತಮಗೆ ನಮ್ಮವ್ವ ಅತ್ತೆಯಾಗಬೇಕಿಲ್ಲ.

ಇಷ್ಟಾದರೂ ವಿಶ್ವಾಸ ಬಿಡದ ತಮ್ಮ ವಿಶ್ವಾಸಿ,
ಶೇವಂತಿ
(ತಾಯವ್ವ ಎಂಬ ಹಿರಿಯಳ ಮಗಳು, ತಾಯವ್ವ ಎಂಬ ಕಿರಿಯಳ ಸೋದರತ್ತೆ, ಸ್ಪಷ್ಟತೆ ಇದೆ)

ವಿ.ಸೂ.: ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಶಿವಪುತ್ರ ಬಂದ. ಗುರುವಾರ ಸಂಜೆಯೇ ಸರ್ವರ್ ಮರಳಿತಂತೆ, ತಾವೇ ಕುಳಿತು ಆ ಹೆಸರನ್ನು ಬರೆದಿರಂತೆ, ಆ ಹೆಣ್ಣುಮಗಳನ್ನು ಮತ್ತೆ ಕರೆಸಬೇಡಿ ಎಂದು ಮೇಲಿನವರೊಡನೆ ಜಗಳಾಡಿ ಸಹಿ ಹಾಕಿದಿರಂತೆ. ಪೌರತ್ವದ ಪತ್ರ ಕೈಗೆ ಬಂತು. ಓಣಿಗೆಲ್ಲ ಪೇಢೆ ಹಂಚಿದೆವು. ಹಂಚಿ ಮುಗಿಸಿ ನಾನು ಅಂಗಡಿಯ ಒಳಕೋಣೆಗೆ ಹೋಗಿ ಸೀರೆಯ ಗಂಟುಗಳ ಸಂದಿಯಲ್ಲಿ ಕುಳಿತು ಮನಸಾರೆ ಅತ್ತು ಬಂದೆ. ಆದ್ದರಿಂದ ಮೇಲಿನ ದೂರುಗಳನ್ನೆಲ್ಲ ಹೊಡೆದುಹಾಕಿ, ಇದೊಂದನ್ನು ಹೊಸದಾಗಿ ದಾಖಲಿಸಿಕೊಳ್ಳಬೇಕು: ತಡ ಮಾಡುವುದರಲ್ಲಿ ಇಷ್ಟು ಪಳಗಿದ ತಾವು, ನಮ್ಮವ್ವ ಎರಡನೆಯ ಸಲ ನನ್ನನ್ನು ಬಿಟ್ಟು ಹೋಗುವ ಹೊತ್ತಿಗೇ ಬಂದು ಅವಸರ ಮಾಡುವುದೇ, ಸಾಹೇಬರೇ?