ಮುಚ್ಚಿರಬೇಕಾಗಿದ್ದ ವಾಲ್ವ್

ಮುಂಬೈಯ ಭಾಂಡುಪ್‌ನಲ್ಲಿರುವ ನಮ್ಮ ಸೋದರಮಾವನ ಮನೆಯಲ್ಲಿ ಸ್ನಾನ ಮಾಡಬೇಕಾದರೆ ಮೊದಲು ಸಹಿ ಹಾಕಬೇಕು. ಉತ್ಪ್ರೇಕ್ಷೆಯಲ್ಲ! ಹೋದ ಸಲ ಟವೆಲ್ ಸುತ್ತಿಕೊಂಡು ಬಾತ್‌ರೂಮಿಗೆ ಹೋದರೆ ಗೀಸರ್ ಮೇಲೆ ಮಾವನದೊಂದು ಚೀಟಿ: ‘ಕೆಟ್ಟಿದೆ. ಆಫ್ ಮಾಡಿದವನು ನಾನು. ಬೇರೆ ಯಾರೂ ಆನ್ ಮಾಡಕೂಡದು. ಗುರುವಾರ ಸಂಜೆಯೊಳಗೆ ನಾನೇ ರಿಪೇರಿ ಮಾಡಿಸುತ್ತೇನೆ. ಓದಿದವರು ಸಹಿ ಮಾಡಿ.’ ಕೆಳಗೆ ಅತ್ತೆಯ ಸಹಿ, ಕೆಲಸದಾಕೆಯ ಹೆಬ್ಬೆಟ್ಟು. ನಾನೂ ಸಹಿ ಹಾಕಿ ತಣ್ಣೀರು ಹೊಯ್ದುಕೊಂಡೆ.

ಮಾವ ಏರ್‌ಪೋರ್ಟಿನಲ್ಲಿ ಎಂಜಿನಿಯರ್. ವಿಮಾನಗಳನ್ನು ಪರೀಕ್ಷಿಸಿ, ಹಾರಬಹುದು ಎಂದು ಬರೆದುಕೊಡುವ ಕೆಲಸ. ಆದರೆ ಬಿಲ್ಡಿಂಗಿನ ಲಿಫ್ಟ್ ಮೇಲೆ ‘ಲಿಫ್ಟ್ ಬಂದ್ ಹೈ’ ಅನ್ನುವ ಬೋರ್ಡು ಕಂಡರೆ ಸಾಕು, ಸೀದಾ ಸೆಕ್ರೆಟರಿಯ ಬಾಗಿಲು ತಟ್ಟುತ್ತಾರೆ.

“ಬಂದ್ ಮತ್‌ಲಬ್? ತಾನೇ ನಿಂತಿದೆಯಾ, ನೀವು ನಿಲ್ಲಿಸಿದ್ದೀರಾ?”

“ಕಾಕಾ, ಎರಡೇ ಮಾಳಿಗೆ. ಹತ್ತಿ ನಾ!”

ಊಟದ ಹೊತ್ತಿನಲ್ಲೂ ಇದೇ. ಅತ್ತೆ ಒಳಗಿಂದ, “ಹುಳಿಗೆ ಉಪ್ಪು ಹಾಕಬೇಕು” ಅಂದರು.

“ಹಾಕಬೇಕು ಅಂದ್ರೆ? ನಾನು ಹಾಕಬೇಕೋ, ನೀನು ಹಾಕ್ತೀಯೋ?”

“ನೀವು ಸುಮ್ಮನಿರಬೇಕು.”

ಇದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಸುಮ್ಮನಾದರು.

“ಮಾವ ಮೊದಲಿಂದಲೂ ಹೀಗೇನಾ?” ಎಂದು ಅತ್ತೆಯನ್ನು ಕೇಳಿದೆ. “ಇಲ್ಲಪ್ಪ, ಆ ಹುಬ್ಬಳ್ಳಿ ವಿಮಾನ ವಾಪಸ್ ಬಂದಮೇಲೆ” ಎಂದು ಅತ್ತೆ ಕಥೆ ಹೇಳಿದರು.

ವಿಮಾನದೊಳಗೆ ಗಾಳಿ ಒದಗಿಸುವ ಯಂತ್ರಗಳು ಎರಡು. ಅವತ್ತು ಒಂದು ಕೆಟ್ಟಿತ್ತು. ಇನ್ನೊಂದರ ಮೇಲೆಯೇ ಕೆಲವು ದಿನ ಹಾರಬಹುದು, ರಿಪೇರಿ ಆಮೇಲೆ ಎಂದು ನಿಯಮವೇ ಇದೆ. ಆದರೆ ಕೆಟ್ಟದ್ದರ ವಾಲ್ವ್ ಮುಚ್ಚಿರಬೇಕು. ಮುಚ್ಚುವುದು ಯಾರು? ನಿಯಮದ ಪುಸ್ತಕ ಆ ಬಗ್ಗೆ ಮೌನ! ಮಾವ ಪುಸ್ತಕದಲ್ಲಿದ್ದಂತೆಯೇ ‘ವಾಲ್ವ್ ಮುಚ್ಚಿರಬೇಕು’ ಎಂದು ವಿಮಾನದ ದಾಖಲೆಯಲ್ಲಿ ಬರೆದರು. ಪೈಲಟ್ ಸ್ವಿಚ್ ಒತ್ತಿ ಮುಚ್ಚುತ್ತಾರೆ ಎಂದು ಮಾವ ತಿಳಿದರು. ಎಂಜಿನಿಯರ್ ಕೆಳಗಿಂದಲೇ ಮುಚ್ಚಿದ್ದಾರೆ ಎಂದು ಪೈಲಟ್ ತಿಳಿದರು. ಎಲ್ಲರೂ ಓದಿದರು, ಯಾರೂ ಮುಚ್ಚಲಿಲ್ಲ. ಮೇಲೇರಿದ ಸ್ವಲ್ಪ ಹೊತ್ತಿಗೆ ತೆರೆದೇ ಇದ್ದ ವಾಲ್ವಿನಿಂದ ಬಿಸಿಗಾಳಿ ನುಗ್ಗಿ, ಎಚ್ಚರಿಕೆಯ ಗಂಟೆ ಮೊಳಗಿ, ವಿಮಾನ ಮುಂಬೈಗೇ ತಿರುಗಿ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ.

ವಿಚಾರಣೆಯಲ್ಲಿ ತಪ್ಪನ್ನು ಪೈಲಟ್ ಮೇಲೆ ಹಾಕಿ ಪಾರಾಗಬಹುದಿತ್ತು. ಮಾವ, “ಅವರು ಓದಿದ್ದು ಸರಿಯಾಗೇ ಇದೆ. ಎರಡು ಅರ್ಥ ಬರೋ ಹಾಗೆ ಬರೆದವನು ನಾನು” ಅಂದರಂತೆ. ಮೂರು ತಿಂಗಳು ಸಹಿ ಹಾಕುವ ಅಧಿಕಾರ ಹೋಯಿತು. ಪುಸ್ತಕದ ಆ ಸಾಲು ಮಾತ್ರ ತಿದ್ದುಪಡಿಯಾಯಿತು.

“ವಿಮಾನ ಇಳಿದಾಗ ಮಾವ ಎಲ್ಲಿದ್ದರು?” ಎಂದೆ.

ಅತ್ತೆ ದನಿ ತಗ್ಗಿಸಿದರು. ಮಾವ ಓಡಿಹೋಗಿ ಮೆಟ್ಟಿಲ ಬುಡದಲ್ಲಿ ನಿಂತಿದ್ದರಂತೆ. ಇಳಿದ ಒಬ್ಬೊಬ್ಬರ ಮುಖವನ್ನೂ ನೋಡಿದರಂತೆ. ಲಗೇಜಿನವನೆಂದು ತಿಳಿದು ಒಬ್ಬರು ಕೈಗೆ ಬ್ಯಾಗು ಕೊಟ್ಟರು, ಅದನ್ನೂ ಹೊತ್ತರು. ಕೊನೆಗೆ ಬಂದದ್ದು ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ. ಒಂದೊಂದೇ ಮೆಟ್ಟಿಲು ಇಳಿದಳು. ಗ್ರೀಸ್ ಹತ್ತಿದ ಮಾವನ ಕೈಯನ್ನೇ ಹಿಡಿದುಕೊಂಡು, “ಗಟ್ಟಿ ಹಿಡಿ ತಮ್ಮಾ, ಬಿಡಬ್ಯಾಡ” ಅಂದಳಂತೆ.

“ಅವತ್ತು ಮನೆಗೆ ಬಂದವರು ಊಟ ಮಾಡಲಿಲ್ಲ ಕಣೋ” ಅಂದರು ಅತ್ತೆ. “ಆ ಕೈಯನ್ನೇ ನೋಡ್ತಾ ಕೂತಿದ್ರು.”