ಆಯಿಯ ಬಿಪಿ ನೋಡಿಸಿದ್ದು

ಗೋಕಾಕದ ಹೊಳೆದಂಡೆಯ ಓಣಿಯೊಂದಕ್ಕೆ ನಾನು ಆಶಾ ಕಾರ್ಯಕರ್ತೆ. ಸಿಟ್ಟು ಬರಬೇಕಾದಲ್ಲೆಲ್ಲ ನಗು ಬಂದುಬಿಡುವ ಕೆಲಸ ಇದು. ಈಗ ನೋಡಿ, ಗುಜರಿ ಹೆಕ್ಕುವ ಮುದುಕಿಯೊಬ್ಬಳಿದ್ದಾಳೆ, ಓಣಿಗೆಲ್ಲ ಆಯಿ. ನಿಂತಲ್ಲೇ ತಲೆ ಗಿರ್ರೆಂದು ಎರಡು ಸಲ ಬಿದ್ದಳು. ಬಿಪಿ ನೋಡಿಸಿ ಗುಳಿಗೆ ಕೊಡಿಸಬೇಕಿತ್ತು. ಅಷ್ಟೇ.

೧. ಮನೆ ನಂಬರು

ದವಾಖಾನೆಯ ಚೀಟಿ ಬರೆಯುವವನು ಕತ್ತೆತ್ತದೆ ಕೇಳಿದ: "ಮನಿ ನಂಬರ್?"

ತಗಡಿನ ಶೆಡ್ಡಿಗೆ ಎಲ್ಲಿಯ ನಂಬರು? ನಾನು ಜೊತೆಗೆ ಕರೆತಂದಿದ್ದ ಆಯಿಯೇ ಹೇಳಿದಳು: "ನಲವತ್ತೇಳು ಬರಕೋರಿ. ಬಾಗಲಕ ಕೆಂಪ ಬಣ್ಣದಾಗ ಬರದಾರ."

"ಯಾರು ಬರದಾರ?"

"ಕೆಡವಾಕ ಬಂದಿದ್ರಲ್ರಿ, ಅವ್ರು."

ಅವನು ನಿಶ್ಚಿಂತೆಯಿಂದ ನಲವತ್ತೇಳು ಎಂದು ಬರೆದುಕೊಂಡ. ನಮ್ಮ ಮನೆ ಇದೆ ಎಂದು ಸರಕಾರಕ್ಕೆ ಗೊತ್ತಾಗಬೇಕಾದರೆ ಅದನ್ನು ಕೆಡವುವ ಮನಸ್ಸಾದರೂ ಮಾಡಿರಬೇಕು! ಆಮೇಲೆ, "ಡಾಕ್ಟರ್ ಮೀಟಿಂಗಿಗೆ ಹೋಗ್ಯಾರ. ನಿಮ್ಮ ಓಣಿಗೇ ಶಿಬಿರ ಬರತೈತಿ, ಅಲ್ಲೇ ತೋರಸ್ರಿ" ಎಂದು ಸಾಗಹಾಕಿದ.

೨. ಶಿಬಿರ

ಶಿಬಿರ ಬಂತು, ಮುಂಜಾನೆ ಹನ್ನೊಂದಕ್ಕೆ. ಆ ಹೊತ್ತಿಗೆ ಓಣಿಯಲ್ಲಿ ಕೋಳಿ ಬಿಟ್ಟು ಯಾರಿರುತ್ತಾರೆ? ಎಲ್ಲರೂ ಗೌಂಡಿ ಕೆಲಸಕ್ಕೆ, ಕಸ ಗುಡಿಸಲಿಕ್ಕೆ ಹೋಗಿದ್ದರು. ಕೆಲಸ ಬಿಟ್ಟು ಕಾದವಳು ಆಯಿ ಒಬ್ಬಳೇ. ಬಂದವರು ಆಕೆಯ ತೋಳಿಗೆ ಬಿಪಿ ಪಟ್ಟಿ ಸುತ್ತಿದರು, ಫೋಟೋ ಹೊಡೆದರು, ಬಿಚ್ಚಿದರು.

"ಆಯಿ, ಸೀರಿ ಬದಲಿಸಿ ಬರ್ರಿ. ಇನ್ನೊಬ್ಬ ಪೇಷಂಟ್ ಆದಂಗ ಆಗತೈತಿ."

ನಾನು, "ಗುಳಿಗಿ ಎಲ್ಲಿ?" ಎಂದೆ.

"ಮುಂದಿನ ಸಲ, ಅಕ್ಕಾರ."

ಮುಂದಿನ ಸಲವೂ ಫೋಟೋ, ಅದರ ಮುಂದಿನ ಸಲವೂ ಫೋಟೋ. ಆಯಿಗೆ ಇದ್ದದ್ದೇ ಎರಡು ಸೀರೆ. ಮೂರನೆಯ ರೋಗಿಗೆ ನನ್ನ ಸೀರೆ ಕೇಳಿದರು!

೩. ಕೆಟ್ಟ ಮಷೀನು

ಆಯಿ ಮತ್ತೆ ಬಿದ್ದಳು. ಇವರನ್ನು ಕಾಯುತ್ತ ಕೂತರೆ ಮುದುಕಿಯನ್ನೇ ಕಳೆದುಕೊಳ್ಳುತ್ತೇವೆ ಎಂದು ಆಟೋ ಹತ್ತಿಸಿ, ಘಟಪ್ರಭಾದ ಲೇಡಿ ಡಾಕ್ಟರೊಬ್ಬರ ಹತ್ತಿರ ಕರೆದೊಯ್ದೆ. ಅವರು ಪಟ್ಟಿ ಸುತ್ತಿ ಗಾಳಿ ಒತ್ತಿದ್ದೇ ತಡ, ಆಯಿ ಚೀರಿದಳು: "ಅಯ್ಯಯ್ಯ, ಕೈ ಹಿಚುಕಾಕತ್ತೈತಿ, ಬಿಡ್ರಿ!"

ಮುಳ್ಳು ಇನ್ನೂರು ದಾಟಿತ್ತು. ಡಾಕ್ಟರ್ ಗಾಬರಿಯಾಗಿ ಅಲ್ಲೇ ಗುಳಿಗೆ ನುಂಗಿಸಿದರು. "ಇಷ್ಟ ದಿನಾ ಒಬ್ರೂ ಬಿಪಿ ನೋಡಿಲ್ಲೇನಬೇ?"

"ಮೂರ ಸಲ ನೋಡ್ಯಾರ್ರಿ!" ಆಯಿ ತೋಳು ತಿಕ್ಕಿಕೊಳ್ಳುತ್ತ ಗದರಿದಳು. "ನಿಮ್ಮ ಮಷೀನು ಕೆಟ್ಟೈತಿ, ರಿಪೇರಿ ಮಾಡಸ್ರಿ. ನಮ್ಮ ಓಣಿಗೆ ತರತಾರಲ್ಲ, ಅದು ಬಾಳ ಚಲೋ ಐತಿ. ಒಂದ ಚೂರೂ ಹಿಚುಕೂದಿಲ್ಲ!"